ಹಣ್ಣಾಗುವ ಕುರು, ಮೇಲೆ ಬರುವ ಮುಳ್ಳು

ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಅಂಗಳದ ಚಪ್ಪರಕ್ಕೆ ಹೊಸ ದಬ್ಬೆ ಹಾಸುವ ಕೆಲಸ ಶುರುವಾಗುತ್ತದೆ. ಮುದಿ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆದು ತಿರುಳನ್ನು ಕೆತ್ತಿ ತೆಗೆದು ಮಾಡುವ ಈ ದಬ್ಬೆಯ ಅಂಚು ನೋಡಲು ನಯವಾಗಿದ್ದರೂ, ಅದರ ಮೇಲೆ ಕೈ ಜಾರಿದರೆ ಸಾಕು, ಸೂಜಿಗಿಂತ ತೆಳ್ಳಗಿನ ಕಪ್ಪು ಸಿಬಿರು ಒಳಹೊಕ್ಕಿರುತ್ತದೆ. ಹಿಡಿದು ಎಳೆದರೆ ಚರ್ಮದ ಮಟ್ಟಕ್ಕೇ ಮುರಿದು, ಉಳಿದ ಅರ್ಧ ಒಳಗೇ ಕೂರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಬಲಗೈ ಹೆಬ್ಬೆರಳಿನ ಬುಡದ ದಪ್ಪ ಮಾಂಸದಲ್ಲಿ ಹೀಗೇ ಆಯಿತು. ಅಮ್ಮಮ್ಮ ಕನ್ನಡಕ ಏರಿಸಿಕೊಂಡು, ಬೆರಳಿನಿಂದ ಒತ್ತಿ ನೋಡಿ, ಬೆಲ್ಲಕ್ಕೆ ಸುಣ್ಣ ಕಲಸಿ ಹಚ್ಚಿ, ಮೇಲೆ ಬಾಡಿಸಿದ ವೀಳ್ಯದೆಲೆ ಕಟ್ಟಿದಳು. ಎರಡನೆಯ ದಿನ ಸೂಜಿ ಹಿಡಿದು ಹೋದ ನನಗೆ ಅವಳು ಹೇಳಿದ್ದು ಒಂದೇ ಮಾತು: “ತಡಿಯೋ ತಮಾ, ಇನ್ನೂ ಹಣ್ಣಾಜಿಲ್ಲೆ.”

ಹಣ್ಣಾಗುವುದು, ಮೇಲೆ ಬರುವುದು, ಮದ್ದು ಎಳೆಯುವುದು: ಮುಳ್ಳು, ಸಿಬಿರು, ಕುರುಗಳ ಕುರಿತು ನಾವು ಆಡುವ ಮಾತೆಲ್ಲ ಈ ಮೂರು ಕ್ರಿಯಾಪದಗಳ ಸುತ್ತ ತಿರುಗುತ್ತದೆ. ಮೊದಲ ಎರಡು ನಿಜವಾಗಿಯೂ ನಡೆಯುವ ಸಂಗತಿಗಳು. ಮೂರನೆಯದು ಮಾತ್ರ ತೋರಿಕೆ. ಚರ್ಮದ ಮೇಲೆ ಕೂತು ಒಳಗಿನ ಮುಳ್ಳನ್ನು ತನ್ನತ್ತ ಸೆಳೆದುಕೊಳ್ಳುವ ಮದ್ದು ಯಾವ ಮನೆಯಲ್ಲಿಯೂ, ಯಾವ ಔಷಧ ಅಂಗಡಿಯಲ್ಲಿಯೂ ಇಲ್ಲ. ಮುಳ್ಳನ್ನು ಹೊರಗೆ ನೂಕುವುದು ದೇಹವೇ. ಮದ್ದು ಅದಕ್ಕೆ ನೆರವಾಗುವುದು ನಾಲ್ಕು ಬಗೆಯಲ್ಲಿ: ಚರ್ಮವನ್ನು ಮೆತ್ತಗಾಗಿಸುವುದು, ಬಾತ ಜಾಗದಿಂದ ನೀರನ್ನು ಹೀರುವುದು, ಶಾಖ ಕೊಟ್ಟು ರಕ್ತದ ಹರಿವನ್ನು ಹೆಚ್ಚಿಸುವುದು, ಇಲ್ಲವೇ ಆ ಜಾಗವನ್ನು ಕೆರಳಿಸಿ ಕೀವು ಕಟ್ಟಿಸುವುದು. ಒಂದೇ “ಎಳೆಯುವ ಮದ್ದು” ಎಂಬ ಹೆಸರಿನಡಿ ಈ ನಾಲ್ಕನ್ನೂ ಬೆರೆಸಿಬಿಟ್ಟಿರುವುದರಿಂದಲೇ ಬಸಳೆ ಎಲೆಯೂ ಎಕ್ಕದ ಹಾಲೂ ಒಂದೇ ಸಾಲಿನಲ್ಲಿ ಕೂತಿವೆ. ಮೊದಲನೆಯದು ಮಗುವಿಗೂ ಹಾಕಬಹುದಾದದ್ದು, ಎರಡನೆಯದು ಕಣ್ಣು ಕಳೆಯಬಲ್ಲದ್ದು.

ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಚರ್ಮದ ಅತಿ ಹೊರಗಿನ ಪದರ ಸತ್ತ ಜೀವಕೋಶಗಳ ಒತ್ತು ಹಾಸು. ಅಂಗೈ, ಅಂಗಾಲುಗಳಲ್ಲಿ ಅದು ದಪ್ಪ. ತೋಟದ ಕೆಲಸ ಮಾಡುವವರಲ್ಲಿ ಇನ್ನೂ ದಪ್ಪ. ಹೊರಚರ್ಮ ಸುಮಾರು ನಾಲ್ಕು ವಾರಗಳಲ್ಲಿ ಕೆಳಗಿನಿಂದ ಹೊಸದಾಗಿ ಹುಟ್ಟಿ ಮೇಲೆ ಬಂದು ಉದುರಿಹೋಗುತ್ತದೆ. ಆದ್ದರಿಂದ ಈ ಪದರದಲ್ಲಿ ಮಾತ್ರ ಸಿಕ್ಕಿಕೊಂಡ ಸಣ್ಣ ಸಿಬಿರು ಏನೂ ಮಾಡದಿದ್ದರೂ ಒಂದು ದಿನ ಚರ್ಮದ ಜತೆಗೇ ಕಳಚಿ ಬೀಳುತ್ತದೆ. ಅಂಥ ಸಿಬಿರಿಗೆ ಯಾವ ಮದ್ದು ಹಚ್ಚಿದರೂ ಅದಕ್ಕೆ ಕೀರ್ತಿ ಬರುತ್ತದೆ, ಹಚ್ಚದೆ ಬಿಟ್ಟವನಿಗೆ ಮಾತ್ರ ಯಾರೂ ಕೀರ್ತಿ ಕೊಡುವುದಿಲ್ಲ.

ಸಿಬಿರು ಅದರ ಕೆಳಗಿನ, ರಕ್ತನಾಳಗಳಿರುವ ಪದರವನ್ನು ಮುಟ್ಟಿದರೆ ಕತೆ ಬೇರೆ. ದೇಹ ಅದನ್ನು ಪರಕೀಯವೆಂದು ಗುರುತಿಸಿ ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳಿಸುತ್ತದೆ. ಜಾಗ ಕೆಂಪಾಗಿ, ಬಿಸಿಯಾಗಿ, ಬಾತು ನೋಯುತ್ತದೆ. ಸತ್ತ ಕಣಗಳು, ರೋಗಾಣುಗಳು, ಕರಗಿದ ಅಂಗಾಂಶ ಸೇರಿ ಕೀವಾಗುತ್ತದೆ. ಕೀವಿನ ಒತ್ತಡ ಹೆಚ್ಚಿ, ಮೇಲಿನ ಚರ್ಮ ತೆಳುವಾಗಿ, ನಡುವೆ ಹಳದಿ ಚುಕ್ಕೆ ಕಾಣಿಸಿಕೊಂಡಾಗ ನಾವು “ಮುಖ ಮಾಡಿತು” ಎನ್ನುತ್ತೇವೆ. ಅದು ಬಾಯಿ ಬಿಟ್ಟಾಗ ಕೀವಿನ ಜತೆಯಲ್ಲಿ ಸಿಬಿರೂ ಹೊರಗೆ ಜಾರುತ್ತದೆ. ಅಮ್ಮಮ್ಮನ “ಹಣ್ಣಾಗುವುದು” ಎಂದರೆ ಇದೇ. ಆದರೆ ಎಲ್ಲ ಸಿಬಿರೂ ಹೀಗೆ ಹಣ್ಣಾಗುವುದಿಲ್ಲ. ಕೀವು ಕಟ್ಟದಿದ್ದರೆ ದೇಹ ಇನ್ನೊಂದು ದಾರಿ ಹಿಡಿದು ಸಿಬಿರಿನ ಸುತ್ತ ಗಟ್ಟಿ ಗೋಡೆ ಕಟ್ಟುತ್ತದೆ. ನೋವು ಹೋಗಿ ಒಂದು ಗಂಟು ಉಳಿಯುತ್ತದೆ. ಗಾಜು, ಲೋಹದ ಚೂರುಗಳು ಹೀಗೆ ವರ್ಷಗಟ್ಟಲೆ ಸುಮ್ಮನೆ ಕೂರಬಲ್ಲವು. ಮರ, ಬಿದಿರು, ಮುಳ್ಳುಗಳಿಗೆ ಆ ಸ್ವಭಾವವಿಲ್ಲ. ಅವುಗಳ ಸಣ್ಣ ರಂಧ್ರಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಮನೆಮಾಡಿಕೊಂಡಿರುತ್ತವೆ. ಸಸ್ಯದ ರಸಗಳೇ ಚರ್ಮವನ್ನು ಕೆರಳಿಸುತ್ತವೆ.

ಇದನ್ನು ಹಿಂದಿನವರು ಗಮನಿಸಿರಲಿಲ್ಲವೆಂದಲ್ಲ. ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸೆಯ ಶಾಖೆಗೆ ಶಲ್ಯತಂತ್ರವೆಂದೇ ಹೆಸರು. ಶಲ್ಯವೆಂದರೆ ಬಾಣದ ಮೊನೆಯಿಂದ ಹಿಡಿದು ಮುಳ್ಳಿನವರೆಗೆ ದೇಹದೊಳಗೆ ಹೊಕ್ಕು ಬಾಧಿಸುವ ವಸ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನವೆಂಬ ಭಾಗ ಬಾವುಗಳಿಗೆ ಹಸಿ, ಹಣ್ಣಾಗುತ್ತಿರುವುದು, ಹಣ್ಣಾದದ್ದು ಎಂಬ ಮೂರು ಅವಸ್ಥೆಗಳನ್ನು ಹೇಳಿ, ಹಸಿಯಾಗಿರುವುದನ್ನು ಕೊಯ್ಯುವ ವೈದ್ಯನನ್ನೂ ಹಣ್ಣಾದದ್ದನ್ನು ಕೊಯ್ಯದೆ ಬಿಡುವ ವೈದ್ಯನನ್ನೂ ಸಮವಾಗಿ ಜರೆಯುತ್ತದೆ. ಶಲ್ಯವನ್ನು ತೆಗೆಯುವ 15 ಉಪಾಯಗಳಲ್ಲಿ ಪಾಚನ, ಅಂದರೆ ಹಣ್ಣಾಗಿಸುವುದು, ಒಂದು ಮಾತ್ರ. ಕಣ್ಣಿಗೆ ಕಾಣದ ಶಲ್ಯ ಎಲ್ಲಿದೆ ಎಂದು ಪತ್ತೆಹಚ್ಚಲು ಆ ಜಾಗಕ್ಕೆ ಹೆಪ್ಪುಗಟ್ಟಿದ ತುಪ್ಪವನ್ನೋ ಗಂಧದ ಲೇಪವನ್ನೋ ಹಚ್ಚಿ, ತುಪ್ಪ ಬೇಗ ಕರಗಿದ ಅಥವಾ ಗಂಧ ಬೇಗ ಒಣಗಿದ ಕಡೆ ಶಲ್ಯವಿದೆ ಎಂದು ತಿಳಿಯಬೇಕೆಂಬ ಸೂಚನೆಯೂ ಅಲ್ಲಿದೆ. ಉರಿಯೂತವಿದ್ದಲ್ಲಿ ಚರ್ಮ ಬಿಸಿಯಾಗಿರುತ್ತದೆ ಎಂಬುದನ್ನು ಉಷ್ಣಮಾಪಕವಿಲ್ಲದೆ ಅಳೆಯುವ ಈ ಜಾಣತನವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

ಇನ್ನು ಮದ್ದುಗಳು. ನಾಲ್ಕು ಬಗೆಗಳಲ್ಲಿ ನಿಸ್ಸಂಶಯವಾಗಿ ಒಳ್ಳೆಯದು ಶಾಖ. ಕರಾವಳಿಯಲ್ಲಿ ಕುರುವಿಗೆ ಬಸಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಎಣ್ಣೆ ಸವರಿ ಕಟ್ಟುವುದು, ಘಟ್ಟದ ಮೇಲೆ ವೀಳ್ಯದೆಲೆಯನ್ನು ಹಾಗೆಯೇ ಬಳಸುವುದು, ಅಕ್ಕಿ ಹಿಟ್ಟನ್ನೋ ಗೋಧಿ ಹಿಟ್ಟನ್ನೋ ಅರಿಶಿನದೊಂದಿಗೆ ಬೇಯಿಸಿ ಪಟ್ಟು ಹಾಕುವುದು, ಈರುಳ್ಳಿ ಸುಟ್ಟು ಜಜ್ಜಿ ಇಡುವುದು, ಇವೆಲ್ಲವೂ ಮೂಲದಲ್ಲಿ ಒಂದೇ ಉಪಾಯದ ರೂಪಗಳು. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯನ್ನು ಈ ಕೆಲಸಕ್ಕೆ ಸುಡುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಯಾವ ಈರುಳ್ಳಿಯಾದರೂ ನಡೆಯುತ್ತದೆ, ಏಕೆಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ಹೆಚ್ಚಾಗಿ ಅದರ ಬಿಸಿ ಮತ್ತು ತೇವ. ಬೆಚ್ಚಗಿನ ತೇವದಿಂದ ರಕ್ತನಾಳಗಳು ಹಿಗ್ಗಿ ಬಿಳಿ ಕಣಗಳ ಸರಬರಾಜು ಹೆಚ್ಚುತ್ತದೆ, ಮೇಲಿನ ಚರ್ಮ ಮೆತ್ತಗಾಗುತ್ತದೆ, ನೋವು ತಗ್ಗುತ್ತದೆ. ಇಂದಿಗೂ ವೈದ್ಯರು ಸಣ್ಣ ಕುರುವಿಗೆ ಮೊದಲು ಹೇಳುವುದು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಇಡಲು. ಬಸಳೆ ಎಲೆಯ ಒಂದು ಹೆಚ್ಚುಗಾರಿಕೆಯೆಂದರೆ ಅದರ ಲೋಳೆ ಶಾಖವನ್ನೂ ತೇವವನ್ನೂ ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಗಾಯಕ್ಕೆ ಅಂಟುವುದಿಲ್ಲ. ಬಿಸಿ ಎಷ್ಟಿರಬೇಕೆಂದರೆ ನಿಮ್ಮ ಮಣಿಕಟ್ಟಿನ ಒಳಭಾಗ ಸಹಿಸುವಷ್ಟು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಮಾತ್ರ ಈ ಶಾಖವೇ ಸುಟ್ಟ ಗಾಯವಾಗುವ ಅಪಾಯವಿರುವುದರಿಂದ, ಅವರು ತಮ್ಮ ಪಾದದ ಅನುಭವವನ್ನು ನಂಬಬಾರದು.

ಎರಡನೆಯದು ನೀರು ಹೀರುವ ಬಗೆ. ಇದನ್ನು ವಿವರಿಸಲು ನಮ್ಮ ಕಡೆಯವರಿಗೆ ಪ್ರಯೋಗಶಾಲೆ ಬೇಕಿಲ್ಲ, ಅಪ್ಪೆಮಿಡಿಯ ಭರಣಿ ಸಾಕು. ಮಿಡಿಗೆ ಉಪ್ಪು ಬೆರೆಸಿ ಇಟ್ಟರೆ ಒಂದೆರಡು ದಿನದಲ್ಲಿ ಮಿಡಿ ಸುಕ್ಕಾಗಿ ಭರಣಿಯ ತುಂಬ ನೀರು ನಿಲ್ಲುತ್ತದೆ. ಹೊರಗೆ ಲವಣ ದಟ್ಟವಾಗಿದ್ದಾಗ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಬೆಲ್ಲ, ಸಕ್ಕರೆ, ಜೇನುತುಪ್ಪ ಬಿರಿದ ಗಾಯದ ಮೇಲೆ ಮಾಡುವುದೂ ಇದನ್ನೇ. ಬಾತ ಅಂಗಾಂಶದಿಂದ ನೀರು ಬಸಿಯುತ್ತದೆ, ಬ್ಯಾಕ್ಟೀರಿಯಾಗಳ ಒಳಗಿನ ನೀರೂ ಹೋಗಿ ಅವು ಬೆಳೆಯಲಾರವು. ಆಸ್ಪತ್ರೆಗಳಲ್ಲಿ ಬಾವಿಗೆ ಹಚ್ಚುವ ಮ್ಯಾಗ್ನೀಸಿಯಂ ಸಲ್ಫೇಟ್ ಮತ್ತು ಗ್ಲಿಸರಿನ್‌ನ ಬಿಳಿ ಲೇಪದ ಹಿಂದಿರುವ ತರ್ಕವೂ ಇದೇ. ಒಂದು ಮಿತಿಯನ್ನು ಮಾತ್ರ ಮರೆಯಬಾರದು: ಮುಚ್ಚಿದ, ಗಟ್ಟಿ ಚರ್ಮದ ಮೂಲಕ ಈ ಸೆಳೆತ ಬಹಳ ಕಡಿಮೆ. ಅಂಗಾಲಿನ ಆಳದಲ್ಲಿರುವ ಮುಳ್ಳಿಗೆ ಮೇಲಿಂದ ಬೆಲ್ಲ ಮೆತ್ತಿದರೆ ಇರುವೆಗಳಿಗೆ ಆಗುವಷ್ಟು ಲಾಭ ಮುಳ್ಳು ಚುಚ್ಚಿದವನಿಗೆ ಆಗುವುದಿಲ್ಲ.

ಜೇನುತುಪ್ಪಕ್ಕೆ ಸಕ್ಕರೆಯಾಚೆಗೂ ಗುಣವಿದೆ. ಅದು ಆಮ್ಲೀಯ, ಜೊತೆಗೆ ಜೇನುಹುಳ ಸೇರಿಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ, ಜೇನು ಗಾಯದ ನೀರಿನೊಂದಿಗೆ ತೆಳುವಾದಾಗ, ಸ್ವಲ್ಪಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತದೆ. ಆದರೆ ಜೇನಿನಲ್ಲಿ ನೀರಿನ ಅಂಶ ಶೇ. 20ರ ಒಳಗಿದ್ದರೆ ಮಾತ್ರ ಅದು ಹುಳಿಯದೆ ಉಳಿಯುತ್ತದೆ. ನಮ್ಮಲ್ಲಿ ಔಷಧಕ್ಕೆಂದು ಜೋಪಾನವಾಗಿ ಸೀಸೆಯಲ್ಲಿಡುವ ಮಿಸರಿ (ಚುಚ್ಚದ ಪುಟ್ಟ ಹುಳದ) ಜೇನಿನಲ್ಲಿ ನೀರಿನ ಅಂಶ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಹುಳದ) ಜೇನಿಗಿಂತ ಹೆಚ್ಚು, ಶೇ. 25ನ್ನೂ ಮೀರುವುದುಂಟು, ಹಳೆಯ ಸೀಸೆಯ ಬಿರಟೆ ತೆಗೆದಾಗ ಬುಸ್ಸೆನ್ನುವುದು ಹುದುಗಿನ ಲಕ್ಷಣವೇ ಹೊರತು ಔಷಧೀಯ ಶಕ್ತಿಯದ್ದಲ್ಲ. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವ ಜೇನನ್ನು ವಿಕಿರಣದಿಂದ ಶುದ್ಧಗೊಳಿಸಿರುತ್ತಾರೆ, ಏಕೆಂದರೆ ಕಚ್ಚಾ ಜೇನಿನಲ್ಲಿ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ತರಚಿದ ಮೊಣಕಾಲಿಗೆ ತಾಜಾ ತುಡುವೆ ಜೇನು ಹಚ್ಚಿದರೆ ಅಡ್ಡಿಯಿಲ್ಲ. ಆಳವಾದ ಚುಚ್ಚುಗಾಯದೊಳಗೆ ಸುರಿಯುವುದು ಸಲ್ಲದು.

ಬೆಲ್ಲಕ್ಕೆ ಸುಣ್ಣ ಸೇರಿಸಿದಾಗ ವಿಷಯ ಬದಲಾಗುತ್ತದೆ. ಕವಳದ ಸಂಚಿಯ ಸುಣ್ಣ ತೀವ್ರ ಕ್ಷಾರ. ಹಳೆಯ ಮನೆಗಳ ಗಾರೆಗೆ ಸುಣ್ಣದೊಂದಿಗೆ ಬೆಲ್ಲದ ನೀರು ಬೆರೆಸುತ್ತಿದ್ದ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ: ಕಲಸುವಾಗ ಬಿಸಿಯೇರುವ ಈ ಮಿಶ್ರಣ ಒಣಗುತ್ತ ಚರ್ಮವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕ್ಷಾರ ಹೊರಪದರದ ಪ್ರೋಟೀನನ್ನು ಸಡಿಲಗೊಳಿಸಿ ಕರಗಿಸುವುದರಿಂದ, ಪಟ್ಟನ್ನು ಕಿತ್ತಾಗ ಚರ್ಮದ ಒಂದು ಪದರವೂ ಅದರೊಡನೆ ಬರುತ್ತದೆ. ಮೇಲ್ಮಟ್ಟದ ಸಿಬಿರಿದ್ದರೆ ಅದೂ ಅಂಟಿಕೊಂಡು ಬರುವುದುಂಟು. “ಎಳೆಯಿತು” ಎಂಬ ನಂಬಿಕೆ ಹುಟ್ಟಿದ್ದು ಬಹುಶಃ ಹೀಗೆ. ಇದು ಸುಳ್ಳಲ್ಲ, ಆದರೆ ದುಬಾರಿ. ಒಂದು ರಾತ್ರಿ ಪೂರ್ತಿ ಬಿಟ್ಟರೆ ಕ್ಷಾರದ ಸುಟ್ಟ ಗಾಯವಾಗಬಹುದು, ಮಕ್ಕಳ ತೆಳುಚರ್ಮಕ್ಕೆ ಇನ್ನೂ ಬೇಗ. ನನ್ನ ಅಂಗೈಯಲ್ಲಿ ಸಿಬಿರಿಗಿಂತ ಸುಣ್ಣ ಬಿಟ್ಟ ಕೆಂಪು ಕಲೆ ಹೆಚ್ಚು ದಿನ ಉರಿಯಿತು. ಇದೇ ಕೆಲಸವನ್ನು, ಅಂದರೆ ಹೊರಪದರ ಹಿಡಿದು ಎತ್ತುವುದನ್ನು, ಒಂದು ತುಂಡು ಅಂಟುಪಟ್ಟಿ ಯಾವ ಉರಿಯೂ ಇಲ್ಲದೆ ಮಾಡುತ್ತದೆ. ಪಾಪಸುಕಳ್ಳಿಯ ರೋಮದಂಥ ಸಣ್ಣ ಮುಳ್ಳುಗಳಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕೆರಳಿಸುವ ಮದ್ದುಗಳ ಬಗ್ಗೆ ಖಡಾಖಂಡಿತವಾಗಿಯೇ ಹೇಳುತ್ತೇನೆ. ಎಕ್ಕದ ಹಾಲು, ಕಳ್ಳಿಯ ಹಾಲು, ಗೇರುಬೀಜದ ಸಿಪ್ಪೆಯನ್ನು ಕಾಯಿಸಿ ಇಳಿಸಿದ ಕಪ್ಪು ಎಣ್ಣೆ, ಈ ಮೂರೂ ಮುಳ್ಳನ್ನು “ಮೇಲೆ ತರುವುದು” ಆ ಜಾಗವನ್ನು ಸುಟ್ಟು, ಬೊಕ್ಕೆ ಏಳಿಸಿ, ಕೀವು ಕಟ್ಟಿಸುವುದರ ಮೂಲಕ. ಎಕ್ಕದ ಹಾಲಿನಲ್ಲಿ ಪ್ರೋಟೀನ್ ಕರಗಿಸುವ ಕಿಣ್ವಗಳೂ ಹೃದಯದ ಮೇಲೆ ಪರಿಣಾಮ ಬೀರುವ ವಿಷಗಳೂ ಇವೆ. ಅದು ತಾಗಿದ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ಕಣ್ಣಿನ ಪಾರದರ್ಶಕ ಪಟಲ ಊದಿ ದೃಷ್ಟಿ ಮಂಜಾಗುತ್ತದೆ, ಮೊದಲಿಗೆ ನೋವೇ ಇಲ್ಲದಿರುವುದರಿಂದ ಜನ ಉದಾಸೀನ ಮಾಡುತ್ತಾರೆ. ಗೇರುಸಿಪ್ಪೆಯ ಎಣ್ಣೆ ಎಷ್ಟು ಸುಡುತ್ತದೆ ಎಂಬುದನ್ನು ಕುಮಟಾ, ಅಂಕೋಲಾ ಕಡೆ ಕೈಯಿಂದ ಗೇರುಬೀಜ ಒಡೆದು ಸಿಪ್ಪೆ ಬಿಡಿಸಿದವರ ಬೆರಳುಗಳೇ ಹೇಳುತ್ತವೆ. ಚಿಮುಟವಾಗಲಿ, ಚುಚ್ಚುಮದ್ದಾಗಲಿ ಕೈಗೆ ಸಿಗದ ಕಾಲದಲ್ಲಿ, ಕಾಡಿನ ನಡುವೆ, ಅಂಗಾಲಿನ ಆಣಿಯಂಥ ಗಟ್ಟಿ ಚರ್ಮದ ಮೇಲೆ ಇವುಗಳನ್ನು ಬಳಸಿದವರನ್ನು ನಾನು ದೂರಲಾರೆ. ಇಂದು ಬಳಸಲು ಕಾರಣವಿಲ್ಲ.

ಹಾಗಾದರೆ ಸಿಬಿರು ತೆಗೆಯುವ ಸರಿಯಾದ ಕ್ರಮ ಯಾವುದು? “ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು” ಎಂಬ ಗಾದೆಯನ್ನು ರಾಜಕೀಯದವರಿಗೆ ಬಿಟ್ಟುಕೊಟ್ಟು, ಚುಚ್ಚಿದ ತಕ್ಷಣ ಚಿಮುಟದಿಂದ ತೆಗೆಯುವುದು ಎಲ್ಲಕ್ಕಿಂತ ಮೇಲು. ಕಾಯುವುದರಿಂದ ಲಾಭವಿರುವುದು ಕುರುವಿಗೆ, ತುದಿ ಕಾಣುವ ಸಿಬಿರಿಗಲ್ಲ. ಸಾಬೂನಿನಿಂದ ಕೈಯನ್ನೂ ಗಾಯವನ್ನೂ ತೊಳೆದು ಒರೆಸಿ, ಬಾಗಿಲ ಬೆಳಕಿಗೆ ಬಂದು ಕೂರಬೇಕು. ಸೂಜಿಯನ್ನು ಸ್ಪಿರಿಟ್‌ನಿಂದ ಒರೆಸಿ ಅಥವಾ ಜ್ವಾಲೆಯಲ್ಲಿ ಕಾಯಿಸಿ ಆರಿಸಿಕೊಂಡು, ಸಿಬಿರು ಕಾಣುವ ಗೆರೆಯುದ್ದಕ್ಕೂ ಮೇಲಿನ ಸತ್ತ ಚರ್ಮವನ್ನು ಮಾತ್ರ ಸ್ವಲ್ಪಸ್ವಲ್ಪ ಬಿಡಿಸುತ್ತ ಹೋಗಬೇಕು. ಈ ಪದರಕ್ಕೆ ನರವಿಲ್ಲದ ಕಾರಣ ಸರಿಯಾಗಿ ಮಾಡಿದರೆ ನೋಯುವುದಿಲ್ಲ, ರಕ್ತವೂ ಬರುವುದಿಲ್ಲ. ತುದಿ ಎದ್ದ ಮೇಲೆ ಚಿಮುಟದಿಂದ ಹಿಡಿದು, ಯಾವ ಓರೆಯಲ್ಲಿ ಹೊಕ್ಕಿತ್ತೋ ಅದೇ ಓರೆಯಲ್ಲಿ ಎಳೆಯಬೇಕು. ನೇರವಾಗಿ ಮೇಲಕ್ಕೆತ್ತಿದರೆ ದಬ್ಬೆಯ ಸಿಬಿರು ಮುರಿಯುವುದು ಖಂಡಿತ. ಹಿಂಡುವುದು, ಹಲ್ಲಿನಿಂದ ಕಚ್ಚುವುದು, ಇವೆರಡೂ ಸಿಬಿರನ್ನು ಇನ್ನಷ್ಟು ಒಳಕ್ಕೆ ಕಳಿಸುವ ದಾರಿಗಳು. ಮರದ ಸಿಬಿರಾದರೆ ತೆಗೆಯುವ ಮೊದಲು ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಸಬಾರದು ಎಂಬುದು ಹಲವರಿಗೆ ಹೊಸ ಮಾತೆನಿಸಬಹುದು. ನೀರು ಕುಡಿದ ಮರ ಉಬ್ಬಿ, ಮೆತ್ತಗಾಗಿ, ಚಿಮುಟಕ್ಕೆ ಸಿಕ್ಕೊಡನೆ ಪುಡಿಯಾಗುತ್ತದೆ. ತೆಗೆದಾದ ಮೇಲೆ ಮತ್ತೊಮ್ಮೆ ತೊಳೆದರೆ ಸಾಕು. ಅರಿಶಿನ ಒತ್ತುವ ರೂಢಿ ಎಲ್ಲರಿಗೂ ಉಂಟು. ಅರಿಶಿನದ ಕರ್ಕ್ಯುಮಿನ್ ಉರಿಯೂತ ತಗ್ಗಿಸುವ ಗುಣವುಳ್ಳದ್ದು ನಿಜ, ಆದರೆ ನೀರಿನಲ್ಲಿ ಅಷ್ಟಾಗಿ ಕರಗದ ಅದು ಒಳಗೆಷ್ಟು ಇಳಿಯುತ್ತದೆ ಎಂಬುದು ಪ್ರಶ್ನೆ, ಮತ್ತು ಹಳದಿ ಬಣ್ಣ ಗಾಯದ ಸುತ್ತ ಕೆಂಪು ಹರಡುತ್ತಿದೆಯೋ ಇಲ್ಲವೋ ಎಂಬುದನ್ನು ಮರೆಮಾಡುತ್ತದೆ.

ಮಳೆಗಾಲದ ಚರ್ಮದ ತೊಂದರೆಗಳು ಇನ್ನೊಂದು ಲೋಕ. ನಾಟಿಗದ್ದೆಯಲ್ಲಿ, ತೋಟದ ಕಾಲುವೆಯಲ್ಲಿ ದಿನವಿಡೀ ನಿಂತವರ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಸುಲಿದು ಹುಣ್ಣಾಗುತ್ತದೆ. ಇದಕ್ಕೆ ಎರಡು ಮನೆಮದ್ದುಗಳು ನನ್ನ ಮಟ್ಟಿಗೆ ಪೂರ್ಣ ಅಂಕ ಪಡೆಯುತ್ತವೆ. ಮೊದಲನೆಯದು ಕಲ್ಲಿನ ಮೇಲೆ ತೇಯ್ದ ಅಣಲೆಕಾಯಿ. ಅದರ ತೂಕದ ಮೂರನೆಯ ಒಂದು ಪಾಲಿನಷ್ಟು ಟ್ಯಾನಿನ್. ತೊಗಲು ಹದಮಾಡಲು ಬಳಸುವ ಒಗರು ವಸ್ತುವಿದು. ನೆನೆದ ಚರ್ಮದ ಮೇಲ್ಮೈ ಪ್ರೋಟೀನನ್ನು ಇದು ಬಿಗಿಗೊಳಿಸಿ, ಒಸರುವ ನೀರನ್ನು ನಿಲ್ಲಿಸಿ ಒಣಗಿಸುತ್ತದೆ. ಎರಡನೆಯದು ಮದರಂಗಿ. ಆಷಾಢದಲ್ಲಿ ಹೆಂಗಸರು ಕಾಲ್ಬೆರಳಿಗೆ, ಅಂಗಾಲಿನ ಅಂಚಿಗೆ ಮದರಂಗಿ ಮೆತ್ತಿಕೊಳ್ಳುವುದು ಅಲಂಕಾರಕ್ಕಷ್ಟೇ ಅಲ್ಲ. ಅದರ ಬಣ್ಣದ ವಸ್ತುವಾದ ಲಾಸೋನ್ ಚರ್ಮದ ಕೆರಟಿನ್‌ಗೆ ಅಂಟಿಕೊಳ್ಳುತ್ತದೆ, ಶಿಲೀಂಧ್ರಗಳನ್ನು ತಡೆಯುವ ಗುಣವೂ ಅದಕ್ಕಿದೆ. ಮನೆಯ ಹಿತ್ತಿಲಿನ ಸೊಪ್ಪಿಗೆ ಈ ಮಾತು ಅನ್ವಯ, ಪೇಟೆಯ ಕಪ್ಪು ಮೆಹಂದಿಗೆ ಅಲ್ಲ. ಅದರಲ್ಲಿ ಬೆರೆಸುವ ಕೂದಲು ಬಣ್ಣದ ರಾಸಾಯನಿಕ ತೀವ್ರ ಅಲರ್ಜಿ ತರಬಲ್ಲದು. ಹಸುಗೂಸುಗಳಿಗೆ ಯಾವ ಮದರಂಗಿಯೂ ಬೇಡ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ.

ಹಿಮ್ಮಡಿಯ ಒಡಕಿಗೆ ಮುರುಗಲು ತುಪ್ಪದ ಉಂಡೆಯನ್ನು ದೀಪದ ಬಳಿ ಹಿಡಿದು ಕರಗಿಸಿ ತುಂಬುವುದು ನಮ್ಮ ಜಿಲ್ಲೆಯ ನಿಜವಾದ ಕೊಡುಗೆ. ಸುಮಾರು 40 ಡಿಗ್ರಿಯಲ್ಲಿ ಕರಗುವ ಈ ಕೊಬ್ಬು ದೇಹದ ಶಾಖಕ್ಕೆ ಹರಿದುಹೋಗದೆ ಒಡಕಿನಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಇದು ಸೋಂಕಿಗೆ ಮದ್ದಲ್ಲ. ಸೋಂಕು ಒಳಬರುವ ಬಾಗಿಲು ಮುಚ್ಚುವ ಕೆಲಸ, ಅದೇ ಹೆಚ್ಚಿನದು.

ಉಗುರುಸುತ್ತಿಗೆ ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಟೊಪ್ಪಿಯಂತೆ ತೊಡಿಸುವುದು ಕರ್ನಾಟಕದ ಯಾವ ಮೂಲೆಗೆ ಹೋದರೂ ಕಾಣುವ ದೃಶ್ಯ. ಅದರ ತಂಪು ಮಿಡಿಯುವ ನೋವನ್ನು ತಗ್ಗಿಸುತ್ತದೆ, ಆಮ್ಲ ಕೆಲವು ರೋಗಾಣುಗಳಿಗೆ ಪ್ರತಿಕೂಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡವನಿಗೆ ಯಾರೂ ಕೆಲಸ ಹೇಳುವುದಿಲ್ಲ, ಬೆರಳಿಗೆ ಬೇಕಾದ ವಿಶ್ರಾಂತಿ ಸಿಗುತ್ತದೆ. ಉಗುರಿನ ಅಂಚಿನ ಬಾವಿಗೆ ಇದರಿಂದ ಹಾನಿಯಿಲ್ಲ. ಆದರೆ ಬೆರಳ ತುದಿಯ ಮಾಂಸವೇ ಬಿಗಿದು ಕೆಂಪಾಗಿ, ಕೈ ಕೆಳಗಿಳಿಸಿದರೆ ತಡೆಯಲಾರದಂತೆ ಮಿಡಿಯತೊಡಗಿದರೆ ಅದು ಬೇರೆಯೇ ಕಾಯಿಲೆ. ಆ ಜಾಗ ಸಣ್ಣ ಸಣ್ಣ ಗೂಡುಗಳಾಗಿ ಭಾಗವಾಗಿದ್ದು, ಒಳಗಿನ ಒತ್ತಡಕ್ಕೆ ರಕ್ತ ಹರಿಯದೆ ಮೂಳೆಯೂ ಕೊಳೆಯಬಹುದು. ಅಲ್ಲಿ “ಹಣ್ಣಾಗಲಿ” ಎಂದು ಕಾಯುವುದೇ ತಪ್ಪು. ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಎದ್ದ ಕುರುವನ್ನು ಹಿಸುಕುವುದೂ ಅಷ್ಟೇ ಅಪಾಯ, ಆ ಭಾಗದ ರಕ್ತನಾಳಗಳು ತಲೆಬುರುಡೆಯ ಒಳಗಿನ ನಾಳಗಳಿಗೆ ಸೇರುತ್ತವೆ.

ಹುಳಕಡ್ಡಿಗೆ ಸೀಮೆ ಅಗಸೆಯ ಎಲೆ ಅರೆದು ಹಚ್ಚುವುದಕ್ಕೆ ಆಧಾರವಿದೆ. ಅದರಲ್ಲಿರುವ ಕ್ರೈಸೋಫೇನಿಕ್ ಆಮ್ಲ ಸತ್ತ ಚರ್ಮವನ್ನೂ ಅದರಲ್ಲಿ ಬೆಳೆದ ಶಿಲೀಂಧ್ರವನ್ನೂ ಕಳಚುತ್ತದೆ. ಇಂದು ಹುಳಕಡ್ಡಿ ವಾಸಿಯಾಗದೆ ಮನೆಮಂದಿಗೆಲ್ಲ ಹರಡುತ್ತಿರುವುದು ಸೊಪ್ಪಿನ ದೋಷದಿಂದಲ್ಲ, ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳಿಂದ. ಚೀಟಿಯಿಲ್ಲದೆ ಕೊಂಡು ಹಚ್ಚಿದ ಎರಡೇ ದಿನದಲ್ಲಿ ತುರಿಕೆ ಮಾಯವಾಗುತ್ತದೆ, ಏಕೆಂದರೆ ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನೇ ಮಲಗಿಸಿರುತ್ತದೆ. ಶಿಲೀಂಧ್ರ ಮಾತ್ರ ಎಚ್ಚರವಾಗಿ ಬೆಳೆಯುತ್ತಿರುತ್ತದೆ.

ಘಟ್ಟ ಇಳಿದು ಕಡಲಿಗೆ ಬಂದರೆ ಮುಳ್ಳಿನ ಬಗೆಯೇ ಬೇರೆ. ತದಡಿಯಲ್ಲಿ, ಕಾರವಾರದ ಬೈತಖೋಲದಲ್ಲಿ ಬಲೆ ಬಿಡಿಸುವವರಿಗೆ ಮೀನಿನ ಮುಳ್ಳು ಚುಚ್ಚುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ಪಾದವನ್ನು ಕೆಸರಿನೊಳಗಿನ ಚಿಪ್ಪು ಕೊಯ್ಯುತ್ತದೆ. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಹೊಡೆದರೆ ನೋವಿಗೆ ಕಾರಣ ಗಾಯವಲ್ಲ, ವಿಷ; ಆ ವಿಷದ ಪ್ರೋಟೀನು ಬಿಸಿಗೆ ಕೆಡುತ್ತದೆ. ಸುಮಾರು 45 ಡಿಗ್ರಿಯ, ಅಂದರೆ ಕಾಲಿಡಲು ಆಗುವ ಆದರೆ ಸುಡದ, ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಮರದ ಸಿಬಿರಿಗೆ ಬೇಡವೆಂದ ಬಿಸಿನೀರು ಇಲ್ಲಿ ಮೊದಲ ಚಿಕಿತ್ಸೆ. ಇದರೊಡನೆ ಒಂದು ಎಚ್ಚರಿಕೆ: ಬೆಚ್ಚಗಿನ ಉಪ್ಪುನೀರಿನಲ್ಲಿ ವಾಸಿಸುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಯಕೃತ್ತಿನ ಕಾಯಿಲೆ ಇರುವವರಲ್ಲಿ, ಹೆಚ್ಚು ಕುಡಿಯುವವರಲ್ಲಿ ಒಂದೆರಡು ದಿನದಲ್ಲೇ ಮಾಂಸ ಕೊಳೆಸಬಲ್ಲದು. ಅಂಥವರ ಗಾಯದ ಸುತ್ತ ನೀಲಿಗಪ್ಪು ಬೊಕ್ಕೆ ಎದ್ದರೆ ಎಲೆ ಬಾಡಿಸುತ್ತ ಕೂರುವ ಹೊತ್ತಲ್ಲ.

ನಂಜು ಎಂಬ ಮಾತನ್ನು ಇಲ್ಲಿ ಎತ್ತಲೇಬೇಕು. ಗಾಯವಾದವರಿಗೆ ಬದನೆಕಾಯಿ ನಂಜು, ಒಣಮೀನು ನಂಜು ಎಂದು ಪಥ್ಯ ಹೇಳುವುದುಂಟು. ಗಾಯ ಮಾಯಲು ಪ್ರೋಟೀನ್ ಬೇಕಿರುವಾಗ ಮೀನುಣ್ಣುವವರಿಗೆ ಮೀನು ಬಿಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ “ನಂಜು ಏರಿತು” ಎಂಬ ಮಾತಿನ ಹಿಂದಿನ ಗಮನಿಸುವಿಕೆ ನೂರಕ್ಕೆ ನೂರು ಸರಿ. ಪಾದದ ಗಾಯದಿಂದ ಕೆಂಪು ಗೆರೆಯೊಂದು ಮೇಲಕ್ಕೆ ಓಡುವುದು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದು, ಚಳಿ ಜ್ವರ ಬರುವುದು: ಸೋಂಕು ದುಗ್ಧರಸದ (ಲಿಂಫ್) ನಾಳಗಳನ್ನು ಹಿಡಿದು ಹರಡುತ್ತಿರುವುದರ ಗುರುತುಗಳಿವು. ಅಲ್ಲಿಂದ ಮುಂದೆ ಆಂಟಿಬಯಾಟಿಕ್ ಬೇಕು. ಬೆಳಿಗ್ಗೆ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಸಂಜೆ ಕೆಂಪು ಆ ಗೆರೆಯನ್ನು ದಾಟಿದೆಯೇ ಎಂದು ನೋಡುವುದು ಯಾರಾದರೂ ಮಾಡಬಹುದಾದ ಪರೀಕ್ಷೆ. ಸಕ್ಕರೆ ಕಾಯಿಲೆಯವರು ಗದ್ದೆಯ ಕೆಸರಿನಲ್ಲಿ ಗಾಯ ಮಾಡಿಕೊಂಡು ಕೆಲವು ದಿನ ಅಥವಾ ವಾರಗಳ ನಂತರ ಜ್ವರ ಬಂದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಮಳೆಗಾಲದ ಮಣ್ಣುನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕರಾವಳಿ ಕರ್ನಾಟಕದಲ್ಲಿದೆ, ಸಾಮಾನ್ಯ ಔಷಧಗಳಿಗೆ ಅದು ಬಗ್ಗುವುದಿಲ್ಲ.

ಧನುರ್ವಾಯು ತುಕ್ಕಿನಿಂದ ಬರುವುದೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದರ ಬೀಜಾಣುಗಳಿರುವುದು ಮಣ್ಣಿನಲ್ಲಿ, ಸಗಣಿಯಲ್ಲಿ; ಅಡಿಕೆ ಬುಡಕ್ಕೆ ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ ಹಾಕುವ ತೋಟಕ್ಕಿಂತ ಹೆಚ್ಚು ಅನುಕೂಲದ ಜಾಗ ಅವಕ್ಕೆ ಬೇಕಿಲ್ಲ. ಗಾಳಿಯಾಡದ, ಕಿರಿದಾದ, ಆಳದ ಗಾಯದಲ್ಲಿ ಅವು ಮೊಳೆಯುತ್ತವೆ, ಅಂದರೆ ಮುಳ್ಳು ಮಾಡಿದ ತೂತಿನಲ್ಲಿ. ಗಾಯಕ್ಕೆ ಸಗಣಿ, ಒಲೆಬೂದಿ, ಜೇಡಿಮಣ್ಣು ಮೆತ್ತುವ ಪದ್ಧತಿಯನ್ನು ಯಾವ ಪರಂಪರೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಒಂದು ಕಾಲಕ್ಕೆ ಹೊಕ್ಕುಳಬಳ್ಳಿಗೂ ಸಗಣಿ, ಬೂದಿ ಹಚ್ಚುತ್ತಿದ್ದ ದೇಶ 2015ರಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಾಡಿದ ಮಾನ್ಯತೆ ಪಡೆದದ್ದು ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದ. ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ ಟಿಡಿ ಚುಚ್ಚುಮದ್ದು. ಮಣ್ಣು ಹೊಕ್ಕ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೊಮ್ಮೆ.

ಚರ್ಮದಲ್ಲಿ ನೆಟ್ಟ ಕಪ್ಪು ಚುಕ್ಕೆಯೆಲ್ಲ ಮುಳ್ಳಲ್ಲ ಎಂಬುದನ್ನೂ ಸೇರಿಸುತ್ತೇನೆ. ಬೆಟ್ಟಕ್ಕೆ ಸೊಪ್ಪಿಗೋ ದರಕಿಗೋ ಹೋಗಿಬಂದವರ ಮೈಮೇಲೆ ಅದು ಉಣುಗು ಆಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರಗಳಲ್ಲಿಯೂ ಜೀವ ತೆಗೆದಿದೆ, ಮತ್ತು ಅದು ಹರಡುವುದು ಉಣುಗಿನಿಂದ. ಉಣುಗಿನ ಮೇಲೆ ಸುಣ್ಣ, ಎಣ್ಣೆ, ಬೀಡಿಯ ಬೆಂಕಿ ಏನನ್ನೂ ಇಡದೆ, ಚರ್ಮಕ್ಕೆ ಹೊಂದಿದಂತೆ ಚಿಮುಟದಿಂದ ಹಿಡಿದು ನೇರವಾಗಿ ಎತ್ತಬೇಕು.

ನನ್ನ ಸಿಬಿರು ಐದನೆಯ ದಿನ ಹಣ್ಣಾಯಿತು. ಕೀವಿನ ಹನಿಯೊಂದಿಗೆ ಜೀರಿಗೆಯಷ್ಟು ಉದ್ದದ ಕಪ್ಪು ಚೂರು ಹೊರಬಂದಿತು, ಅಮ್ಮಮ್ಮ ಅದನ್ನು ಬಾಳೆಲೆಯ ತುಂಡಿನ ಮೇಲಿಟ್ಟು ಮನೆಯವರಿಗೆಲ್ಲ ತೋರಿಸಿದಳು. ಗಾಯ ಮಾಯಿತು. ಮೂರು ತಿಂಗಳಾದ ಮೇಲೂ ಆ ಜಾಗದಲ್ಲಿ ಕಡಲೆಕಾಳಿನಂಥ ಗಂಟೊಂದು ಉಳಿದು, ಕತ್ತಿ ಹಿಡಿದಾಗಲೆಲ್ಲ ಚುಳುಕ್ಕೆನ್ನುತ್ತಿತ್ತು. ಮುಳ್ಳು ಚುಚ್ಚಿದಲ್ಲಿ ನರೂಲಿಯಂತೆ ಒರಟಾಗಿ ತಿಂಗಳುಗಟ್ಟಲೆ ಹರಡುತ್ತ ಹೋಗುವ ಶಿಲೀಂಧ್ರದ ಸೋಂಕುಗಳಿವೆ ಎಂದು ಓದಿ ತಿಳಿದಿದ್ದರಿಂದ ವೈದ್ಯರ ಬಳಿ ಹೋದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮರ ಸಾಮಾನ್ಯವಾಗಿ ಎಕ್ಸ್‌ರೇಗೆ ಕಾಣುವುದಿಲ್ಲ, ಗಾಜು ಮತ್ತು ಲೋಹ ಕಾಣುತ್ತವೆ. ಅಲ್ಟ್ರಾಸೌಂಡ್‌ನ ಪರದೆಯ ಮೇಲೆ ಮಾತ್ರ ಬೆಳ್ಳಗಿನ ಒಂದು ಸಣ್ಣ ಗೆರೆ, ಅದರ ಕೆಳಗೆ ಕಪ್ಪು ನೆರಳು ಮೂಡಿತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅರ್ಧ ಅಂಗುಲ ಕೊಯ್ದು, ಬಿಳಿಯ ಗೋಡೆಯಂಥ ಪೊರೆಯೊಳಗಿಂದ ವೈದ್ಯರು ಅದನ್ನು ತೆಗೆದರು. ಗಾಜ್ ಬಟ್ಟೆಯ ಮೇಲಿಟ್ಟು ತೋರಿಸಿದ ದಬ್ಬೆಯ ಆ ಚೂರು, ಅಮ್ಮಮ್ಮ ಬಾಳೆಲೆಯ ಮೇಲಿಟ್ಟಿದ್ದಕ್ಕಿಂತ ಎರಡು ಪಟ್ಟು ಉದ್ದವಾಗಿತ್ತು.